ಬಿಲ್ಲೆ ಕೀಳದ ಸರ

ನಾರಾಯಣಖೇಡದ ಪ್ರೇಮಲಾ ಮಣ್ಣಿನಲ್ಲಿ ಒಡವೆ ಮಾಡುತ್ತಾಳೆ ಎಂದಾಗ ಮೊದಮೊದಲು ಜನ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಮಣ್ಣಿನಲ್ಲಿ ಮಡಕೆ ಮಾಡುವುದುಂಟು, ಒಲೆ ಮಾಡುವುದುಂಟು. ಕಿವಿಗೆ, ಕೊರಳಿಗೆ ಹಾಕಿಕೊಳ್ಳುವುದನ್ನೂ ಮಣ್ಣಿನಲ್ಲೇ ಮಾಡುತ್ತಾರೆಯೇ? ಆದರೆ ಅವಳ ಹಿತ್ತಲಿನಲ್ಲಿ ಮಣ್ಣು ಸುಡುವ ಆವಿಗೆ ಬಿಚ್ಚುವ ಹೊತ್ತಿಗೆ ಒಮ್ಮೆ ನಿಂತು ನೋಡಿದವರು ಆಮೇಲೆ ನಗಲಿಲ್ಲ. ನಗುವವರಿಗೆಲ್ಲ ಒಂದು ಸಲ ಆ ಹಿತ್ತಲು ತೋರಿಸಿಬಿಡಬೇಕು, ಊರಿನ ಅರ್ಧ ಕೊಂಕು ಅಲ್ಲೇ ಮುಗಿಯುತ್ತದೆ.

ಮಣ್ಣು ಅವಳ ತವರಿನದು. ಜಹೀರಾಬಾದಿನ ಪಕ್ಕದ ಹೊಲದ ಬದುವಿನದು, ಕುಂಕುಮದ ಹಾಗೆ ಕೆಂಪು. ಅದನ್ನು ನೀರಿನಲ್ಲಿ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ಹೋಳಿಗೆಯ ಕಣಕ ನಾದಿದಂತೆ ನಾದಿ, ಅಂಗೈಯಲ್ಲಿ ಮಣಿ ಉರುಳಿಸಿ, ಜಾಲಿ ಮುಳ್ಳಿನಿಂದ ತೂತು ತೆಗೆಯುತ್ತಾಳೆ. ನೆರಳಿನಲ್ಲಿ ಅರೆ ಒಣಗಿದ ಮೇಲೆ ಒಂದೊಂದೇ ಮಣಿಯನ್ನು ಹುಣಸೆ ಬೀಜದಿಂದ ತಿಕ್ಕಿ ಹೊಳಪು ತರುತ್ತಾಳೆ. ಆಮೇಲೆ ತೂತು ಹೊಡೆದ ಕಬ್ಬಿಣದ ಬಕೆಟ್ಟಿನಲ್ಲಿ ಮಣಿ ತುಂಬಿ, ಸುತ್ತ ಕುರಿ ಹಿಕ್ಕೆ ಸುರಿದು ಬೆಂಕಿ ಕೊಡುತ್ತಾಳೆ. ಕುರಿ ಹಿಕ್ಕೆ ಅವಸರದ ಉರುವಲಲ್ಲ. ಒಳಗೊಳಗೇ ಕಾದು ನಿಧಾನವಾಗಿ ಉರಿಯುತ್ತದೆ. ಮಣಿಗಳು ಕೆಂಡದಂತೆ ಕಾದಾಗ ಮೇಲೆ ಇನ್ನಷ್ಟು ಹಿಕ್ಕೆ, ಹೊಟ್ಟು ಸುರಿದು, ಒಂದು ಎಳೆ ಹೊಗೆಯೂ ಹೊರಬಾರದಂತೆ ಹಸಿ ಮಣ್ಣು ಮೆತ್ತಿಬಿಡುತ್ತಾಳೆ. ಒಳಗೆ ಸಿಕ್ಕಿಬಿದ್ದ ಹೊಗೆ ಬೇರೆ ದಾರಿಯಿಲ್ಲದೆ ಮಣಿಯೊಳಕ್ಕೇ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಮೆತ್ತಿದ್ದನ್ನು ಒಡೆದರೆ, ಕೆಂಪಗೆ ಒಳಗೆ ಹೋದ ಮಣಿಗಳು ಕಾಡಿಗೆಯಷ್ಟು ಕಪ್ಪಾಗಿ, ಮಿರಮಿರ ಮಿಂಚುತ್ತ ಹೊರಬರುತ್ತವೆ.

ಎಷ್ಟು ಸಲ ಮಾಡಿದರೂ ಪ್ರೇಮಲಾಳಿಗೆ ಇದರ ಸೋಜಿಗ ಹೋಗಿಲ್ಲ. ಬೂದಿಯೊಳಗೆ ಕೈಹಾಕಿ ಮೊದಲ ಮಣಿಯನ್ನು ಒರೆಸಿ, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಗಂಡ ಆನಂದಕುಮಾರ ಬಸ್ ನಿಲ್ದಾಣದ ಬಳಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಆವಿಗೆ ಬಿಚ್ಚುವ ದಿನ ಅವನೂ ಅಂಗಡಿಯ ಬಾಗಿಲು ತಡವಾಗಿ ತೆಗೆಯುತ್ತಾನೆ. "ಈ ಸಲಾನೂ ಆತಲ್ಲ" ಎಂದು, ಹಿಂದೆಂದೂ ಕಂಡಿಲ್ಲದವನಂತೆ ತಲೆಯಾಡಿಸುತ್ತಾನೆ.

ಇಷ್ಟೆಲ್ಲ ಕೈಯಲ್ಲಿದ್ದವಳಿಗೆ ಬಾಯಿ ಮಾತ್ರ ಇರಲಿಲ್ಲ. ಯಾರಾದರೂ ಸರವನ್ನು ಎತ್ತಿ "ಎಷ್ಟ್ರಿ?" ಎಂದರೆ ಸಾಕು, ಕಿವಿ ಕೆಂಪಗಾಗಿ "ನಿಮಗ ತಿಳಿದಷ್ಟು ಕೊಡ್ರಿ" ಎಂದುಬಿಡುತ್ತಿದ್ದಳು. ಲಿಂಗ ಕಟ್ಟಿದ ಮನೆಯ ಹೆಣ್ಣುಮಗಳು, ತಲೆಮಾರುಗಳಿಂದ ಊರಿನಲ್ಲಿ ಹೆಸರಿರುವ ಮನೆ. ಪಡಸಾಲೆಯಲ್ಲಿ ಕೂತು ಬೆಲೆ ಹೇಳುವುದೆಂದರೆ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ. "ತಿಳಿದಷ್ಟು ಕೊಡ್ರಿ" ಎಂಬ ಮಾತು ಕೇಳಲು ಬೆಲ್ಲದಷ್ಟು ಸಿಹಿ, ಆದರೆ ಅದರಷ್ಟು ಕಪಟದ ಮಾತು ಇನ್ನೊಂದಿಲ್ಲ. ನೆಂಟರಿಗೆ ತಿಳಿಯುವುದು ಯಾವಾಗಲೂ ಕಡಿಮೆಯೇ. ಆ ಕೊರತೆ ತುಂಬಬೇಕಲ್ಲ, ಗುರುತಿಲ್ಲದವರು ಪಟ್ಟು ಹಿಡಿದು ಬೆಲೆ ಕೇಳಿದರೆ ಅವಳು ಅವರ ಸೀರೆ ನೋಡಿ, ಗಾಡಿ ನೋಡಿ ಒಂದು ಅಂಕಿ ಹೇಳುತ್ತಿದ್ದಳು. ಹೇಳಿದ ಮೇಲೆ ಆ ದಿನವಿಡೀ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಒಂದು ದಿನ ಒಂದೇ ಶಾಲೆಯ ಇಬ್ಬರು ಟೀಚರುಗಳು ಒಂದೇ ನಮೂನೆಯ ಜುಮುಕಿ ಹಾಕಿಕೊಂಡು ಒಟ್ಟಿಗೇ ಬಾಗಿಲಿಗೆ ಬಂದರು. ಒಬ್ಬಳು ದೂರದ ನೆಂಟರವಳು, ಇನ್ನೊಬ್ಬಳು ಹೊರಗಿನವಳು. ಹೊರಗಿನವಳು ಕೊಟ್ಟದ್ದು ನೆಂಟರವಳು ಕೊಟ್ಟದ್ದರ ಎರಡರಷ್ಟು. ಅವಳು ಜಗಳವಾಡಲಿಲ್ಲ. "ಯಾಕ್ರಿ ಅಕ್ಕಾ, ನನ್ನ ಕಿವಿ ದೊಡ್ಡವು ಅಂತ ಏನು?" ಎಂದು ನಕ್ಕಳು, ಅಷ್ಟೇ. ಬೈದಿದ್ದರೆ ಸಹಿಸಬಹುದಿತ್ತು.

ಅಂದು ಮಧ್ಯಾಹ್ನವೇ ಪ್ರೇಮಲಾ ಹಸಿ ಮಣ್ಣನ್ನು ಲಟ್ಟಿಸಿ ನಾಣ್ಯದಷ್ಟಗಲದ ಬಿಲ್ಲೆಗಳನ್ನು ಕತ್ತರಿಸಿದಳು. ಹೊಲಿಗೆ ಸೂಜಿಯ ಮೊನೆಯಿಂದ ಪ್ರತಿ ಬಿಲ್ಲೆಯ ಮೇಲೆ ಒಂದೊಂದು ಸಾಮಾನಿನ ಬೆಲೆಯನ್ನು ಗೀರಿದಳು. ಬೆಲೆ ಕಟ್ಟುವಾಗ ಯಾರ ಮುಖವೂ ಕಣ್ಣಿಗೆ ಬೀಳಬಾರದೆಂದು ಬೀದಿ ಬಾಗಿಲು ಹಾಕಿಕೊಂಡಿದ್ದಳು. ನಾಲ್ಕು ದಿನ ನೆರಳಿನಲ್ಲಿ ಒಣಗಿದ ಬಿಲ್ಲೆಗಳನ್ನು ಹೊಗೆಯಲ್ಲಿ ಮುಚ್ಚದೆ ಬಯಲು ಬೆಂಕಿಯಲ್ಲಿ ಸುಟ್ಟದ್ದರಿಂದ ಅವು ಕೆಂಪಾಗಿಯೇ ಉಳಿದವು. ಕಪ್ಪು ಸರಕ್ಕೊಂದು ಕೆಂಪು ಬಿಲ್ಲೆ, ಕಪ್ಪು ಜುಮುಕಿಗೊಂದು ಕೆಂಪು ಬಿಲ್ಲೆ. ದಾರದಲ್ಲಿ ಕಟ್ಟಿ, ಅಂಕಿ ಮುಂದೆ ಕಾಣುವಂತೆ ಪಡಸಾಲೆಯ ಎದುರು ಗೋಡೆಗೆ ಸಾಲಾಗಿ ತೂಗುಹಾಕಿದಳು. ಕಾಗದದ ಚೀಟಿಯಾದರೆ ತಿದ್ದಬಹುದು, ಹರಿಯಬಹುದು. ಸುಟ್ಟ ಅಂಕಿಯನ್ನು ಏನು ಮಾಡಲು ಬರುತ್ತದೆ? ಅವಳಿಗೆ ಬೇಕಾಗಿದ್ದದ್ದೂ ಅದೇ. ತನ್ನ ಬಾಯಿಯನ್ನು ತಾನೇ ನಂಬದ ಹೆಂಗಸು ಅವಳು.

ಅವನ್ನು ತೂಗಿದ ದಿನ ಸಂಜೆ ಮನೆಗೆ ಬಂದ ಆನಂದಕುಮಾರ ಗೋಡೆಯ ಮುಂದೆ ಬಹಳ ಹೊತ್ತು ನಿಂತ.

"ನಮ್ಮ ದುಕಾನದಾಗ ಯೂರಿಯಾ ಚೀಲದ ಮ್ಯಾಲ ರೇಟ ಛಾಪಿಸಿರತಾರ. ಈಗ ಮನ್ಯಾಗೂ ಆತು," ಎಂದ.

"ಯೂರಿಯಾದ ರೇಟಿಗೆ ಯಾರರೆ ಜಗಳ ತೆಗಿತಾರೇನ್ರಿ?"

"ರೇಟಿಗೆ ತೆಗ್ಯಂಗಿಲ್ಲ. ಸಿಗಲಾರದಕ್ಕ ತೆಗಿತಾರ," ಎಂದು ನಕ್ಕು ಕೈಕಾಲು ತೊಳೆಯಲು ಹೋದ.

ನಗು ಅಲ್ಲಿಗೇ ಮುಗಿಯಿತು. ನೆಂಟರು ಬಂದರು, ಗೋಡೆಯ ಮೇಲಿನ ಅಂಕಿಗಳನ್ನು ಓದಿದರು, ಚಹಾ ಕುಡಿದರು, ಹೋದರು. ಯಾರೂ ಏನೂ ಕೊಳ್ಳಲಿಲ್ಲ. ಮನೆಯವರಿಗೂ ಹೊರಗಿನವರಿಗೂ ಒಂದೇ ಬೆಲೆಯಾದರೆ ಮನೆಯವರಾಗಿ ಏನು ಬಂತು ಎಂಬ ಪ್ರಶ್ನೆ ಅವರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಪ್ರೇಮಲಾಳಿಗೆ ಒಳಗೊಳಗೇ ಅಳುಕು ಶುರುವಾಯಿತು. ಹೇಳದ ಬೆಲೆಯಲ್ಲಿ ಮೋಸವಿತ್ತು ನಿಜ, ಆದರೆ ಜೊತೆಗೆ ನಾಲ್ಕು ಮಾತು, ನಗು, ಬಾ ಹೋಗು ಎಲ್ಲ ಇತ್ತಲ್ಲ.

ಆ ಗೋಡೆಯ ಮುಂದೆ ತಡೆದು ನಿಂತು ನೋಡಿದವಳು ಭೀಮವ್ವ ಒಬ್ಬಳೇ. ಭೀಮವ್ವ ನಾಗಲಗಿದ್ದದ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆಯ ಹಿರಿಯಳು. ಸಂತೆಯ ದಿನ ಆಟೋದಲ್ಲಿ ಹಿಕ್ಕೆಯ ಚೀಲ ತಂದು ಹಿತ್ತಲಿಗೆ ಹಾಕಿಸಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಅವಳ ಕುರಿಗಳ ಹಿಕ್ಕೆಯಿಂದಲೇ ಆ ಮಣಿಗಳು ಕಪ್ಪಾಗುತ್ತಿದ್ದರೂ, ಇಷ್ಟು ವರ್ಷಗಳಲ್ಲಿ ಅವಳು ಒಂದು ಮಣಿಯನ್ನು ಮುಟ್ಟಿದವಳಲ್ಲ, ಒಂದರ ಬೆಲೆಯನ್ನೂ ಕೇಳಿದವಳಲ್ಲ. ಅವಳಿಗೆ ಒಡವೆಯ ಆಸೆಯೇ ಇಲ್ಲವೆಂದು ಪ್ರೇಮಲಾ ತಿಳಿದಿದ್ದಳು.

ಬಿಲ್ಲೆ ತೂಗಿದ ಮೇಲಿನ ಸಂತೆಯ ದಿನ ಭೀಮವ್ವ ಬಾಗಿಲಲ್ಲೇ ನಿಂತು, ತುಟಿ ಅಲ್ಲಾಡಿಸುತ್ತ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಓದಿದಳು. ಮುಂದಿನ ಸಂತೆಗೂ ಬಂದು ಓದಿದಳು. ಅದರ ಮುಂದಿನ ಸಂತೆಗೆ ಸೆರಗಿನ ಗಂಟು ಬಿಚ್ಚಿ, ಬಿಲ್ಲೆಯಲ್ಲಿದ್ದಷ್ಟು ಹಣವನ್ನು ಕಟ್ಟೆಯ ಮೇಲಿಟ್ಟು, ಎರಡೆಳೆಯ ಮಣಿ ಸರವೊಂದನ್ನು ತಾನೇ ಮೊಳೆಯಿಂದ ಬಿಡಿಸಿಕೊಂಡಳು.

"ಮೊಮ್ಮಗಳು ಲಾವಣ್ಯಾನ ಲಗ್ನ ಅದರಿ ಅಕ್ಕೋರೆ, ಬರೋ ಐತವಾರ. ನೀವು ಬರಲೇಬೇಕು."

"ಬರತೀನಿ. ತಡಿ ಭೀಮವ್ವ, ಕತ್ತರಿ ತರತೀನಿ," ಎಂದು ಪ್ರೇಮಲಾ ಒಳಗೆ ಹೋದಳು. ಬಿಲ್ಲೆ ಕತ್ತರಿಸಿ ಕೊಡಬೇಕಿತ್ತು. ಅವಳು ಕತ್ತರಿ ಹುಡುಕಿ ಬರುವಷ್ಟರಲ್ಲಿ ಆಟೋ ಓಣಿ ದಾಟಿತ್ತು.

ಅದೇ ವಾರ ತಾಂಡೂರಿನಿಂದ ಜಗದೇವಿ ಬಂದಳು. ಜಗದೇವಿ ಪ್ರೇಮಲಾಳ ನೆಗೆಣ್ಣಿ, ಆನಂದಕುಮಾರನ ಅಣ್ಣನ ಹೆಂಡತಿ. ತಾಂಡೂರಿನಲ್ಲಿ ಅವರದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ, ಜೊತೆಗೆ ತೊಗರಿ ವ್ಯಾಪಾರ. ಯಾವ ಮದುವೆಯ ಮಂಟಪವೂ ಅವಳು ಬಂದು ಕೂತ ಮೇಲೇ ತುಂಬಿದಂತೆ ಕಾಣುವುದು. ಹಾಗೆಂದು ಬರಿಯ ಜಂಬದವಳೆಂದು ತಳ್ಳಿಹಾಕುವಂತಿಲ್ಲ. ಊರೆಲ್ಲ ನಗುತ್ತಿದ್ದಾಗ, ಪ್ರೇಮಲಾ ಮಾಡಿದ ಮೊಟ್ಟಮೊದಲ ಜುಮುಕಿಯನ್ನು, ಚಿನ್ನದ ಓಲೆ ತೆಗೆದಿಟ್ಟು ಕಿವಿಗೆ ಹಾಕಿಕೊಂಡು, ತುಂಬಿದ ಮಂಟಪದಲ್ಲಿ ತಲೆಯೆತ್ತಿ ತಿರುಗಾಡಿದವಳು ಅವಳೇ. ಅದನ್ನು ಪ್ರೇಮಲಾ ಎಂದೂ ಮರೆತಿಲ್ಲ.

"ಪ್ರೇಮಾ, ನಮ್ಮ ಅಮರನಾಥನ ಲಗ್ನ ಗಟ್ಟಿ ಆತು. ಹೆಣ್ಣು ನಿಮ್ಮ ಊರಾಕಿನೇ," ಎಂದು ಜಗದೇವಿ ಮಗನ ಲಗ್ನದ ಪೇಡೆಯ ಡಬ್ಬಿಯನ್ನು ಅವಳ ಕೈಗಿಟ್ಟಳು. "ಬಂದ ಹೆಣ್ಮಕ್ಕಳಿಗೆಲ್ಲಾ ಸ್ಟೀಲ್ ಡಬ್ಬಿ ಕೊಟ್ಟು ಕೊಟ್ಟು ಸಾಕಾಗ್ಯಾದ. ಈ ಸಲ ಎಲ್ಲಾರಿಗೂ ನೀ ಮಾಡಿದ ಕರಿ ಮಣಿ ಸರಾನೇ ಕೊಡಬೇಕಂತ ಮಾಡೀನಿ."

ಪ್ರೇಮಲಾಳ ಕಣ್ಣ ಮುಂದೆ ತಾಂಡೂರಿನ ಆ ದೊಡ್ಡ ಮಂಟಪ ಬಂದು ನಿಂತಿತು. ಸಾಲು ಸಾಲು ಹೆಂಗಸರು, ಎಲ್ಲರ ಕೊರಳಲ್ಲೂ ತನ್ನ ಮಣಿ. ಮಳೆಗಾಲ ಬಂದರೆ ಅವಳ ಆವಿಗೆಗೆ ಬೆಂಕಿ ಕೊಡುವಂತಿರಲಿಲ್ಲ. ಈ ಒಂದು ಕೆಲಸ ಕೈಗೆ ಬಂದರೆ ಹಿತ್ತಲಿಗೆ ತಗಡಿನ ಸೂರು ಹಾಕಿಸಿ, ಇಟ್ಟಿಗೆಯ ಆವಿಗೆಯನ್ನೇ ಕಟ್ಟಿಸಬಹುದಿತ್ತು.

"ಆದ್ರ ಒಂದು ಮಾತು," ಜಗದೇವಿ ಗೋಡೆಯ ಕಡೆ ಗದ್ದ ಎತ್ತಿದಳು. "ಇವು ಇರಬಾರದು."

"ನಿಮ್ಮ ಸರಕ್ಕ ಬಿಲ್ಲಿ ಕಟ್ಟಂಗಿಲ್ಲರಿ ಅಕ್ಕಾ."

"ಸರದ ಮಾತಲ್ಲ, ಗ್ವಾಡಿದು. ಬೀಗರು ಇದೇ ಊರಾಗ ಇರೋರು. ಮರುದಿನಾನೇ ಬಂದು ನಿನ್ನ ಗ್ವಾಡಿ ನೋಡಿದ್ರಂದ್ರ, ಜಗದೇವಿ ಎಷ್ಟರದು ಹಂಚ್ಯಾಳ ಅಂತ ಊರಿಗೆಲ್ಲಾ ಡಂಗುರ ಆಗತದ. ಕೊಟ್ಟಿದ್ದರ ಕಿಮ್ಮತ್ತು ತಗೊಂಡೋರಿಗೆ ಗೊತ್ತಾದ್ರ ಅದರಾಗ ಏನು ಉಳೀತು?"

"ಲಗ್ನ ಮುಗಿಯೂ ತನಕ ತೆಗದಿಡಲೇನ್ರಿ?"

"ಬೀಗತನ ಲಗ್ನದ ದಿನಾನೇ ಮುಗಿತದೇನು? ತೆಗದಿದ್ದು ತೆಗದಂಗೇ ಇರಲಿ. ಮೊದಲಿನಂಗ ತಿಳಿದಷ್ಟು ಕೊಡ್ರಿ ಅನ್ನು. ಅದರಾಗೇ ನಮ್ಮ ಮನಿ ಮರ್ಯಾದಿ ಅದ." ಜಗದೇವಿ ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ಪ್ರೀತಿಯೂ ಇತ್ತು. "ಸೋಮವಾರ ಫೋನ್ ಮಾಡಿ ಹೇಳು."

ಸೋಮವಾರದವರೆಗೆ ಕಾಯುವುದೇನಿತ್ತು? ಶನಿವಾರ ಸಂಜೆಯೇ ಪ್ರೇಮಲಾ ಕತ್ತರಿ ಹಿಡಿದು ಗೋಡೆಯ ಮುಂದೆ ನಿಂತಳು. ಕೆಳಗಿನ ಸಾಲಿನ ಬಿಲ್ಲೆಗಳನ್ನೆಲ್ಲ ಕತ್ತರಿಸಿ ಒಂದು ಬಟ್ಟಲಿಗೆ ಹಾಕಿದಳು. ನೆಂಟರು ಮತ್ತೆ ನಗುತ್ತ ಬರುತ್ತಾರೆ, ಮಳೆಗಾಲದಲ್ಲೂ ಆವಿಗೆ ಉರಿಯುತ್ತದೆ ಎಂದು ನೆನೆದು ಅವಳಿಗೆ ಹಗುರವೇ ಆಯಿತು. ಇದನ್ನು ಮುಚ್ಚಿಡಬಾರದು, ನಿಜವಾಗಿಯೂ ಹಗುರವಾಯಿತು. ಮೇಲಿನ ಸಾಲುಗಳನ್ನು ನಾಳೆ ಭೀಮವ್ವನ ಮನೆಯ ಮದುವೆಯಿಂದ ಬಂದ ಮೇಲೆ ನೋಡೋಣವೆಂದು ಕತ್ತರಿ ಒಳಗಿಟ್ಟಳು.

ಭಾನುವಾರ ಅವಳು ಒಬ್ಬಳೇ ಬಸ್ಸು ಹಿಡಿದು ಭೀಮವ್ವನ ಹಳ್ಳಿಗೆ ಹೋದಳು. ಜೋಳ ಕೊಯ್ದ ಹೊಲದ ಅಂಚಿಗೆ ಶಾಮಿಯಾನ ಹಾಕಿದ್ದರು. ಲಿಂಗವಂತರ ಮನೆಯವರು ಬರುತ್ತಾರೆಂದು ಬೇರೆ ಒಲೆ ಹೂಡಿ, ಹೊಸ ಪಾತ್ರೆಯಲ್ಲಿ ಹುಗ್ಗಿ ಮಾಡಿಸಿದ್ದರು. ಕೂರಲು ಹೊಸ ಕಂಬಳಿ ಹಾಸಿಕೊಟ್ಟರು. ಅವಳು ಕೂತು ನೀರು ಕುಡಿಯುತ್ತಿದ್ದಂತೆ ಭೀಮವ್ವ ಮನೆಯೊಳಗಿಂದ ಹೊರಗೆ ಬಂದಳು. ಹಸಿರು ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ನರೆಗೂದಲು, ಕೊರಳಲ್ಲಿ ಎರಡೆಳೆಯ ಕಪ್ಪು ಮಣಿ ಸರ. ಸರದ ನಟ್ಟನಡುವೆ, ಎದೆಯ ಮೇಲೆ, ಕೆಂಪು ಬಿಲ್ಲೆ. ಕೊಂಡಿಯ ಬಳಿ ಕಟ್ಟಿದ್ದದ್ದನ್ನು ಅವಳೇ ಬಿಚ್ಚಿ ಮುಂದಕ್ಕೆ ತಂದು ಪೋಣಿಸಿಕೊಂಡಿದ್ದಳು. ಅಂಕಿ ಎಲ್ಲರಿಗೂ ಕಾಣುತ್ತಿತ್ತು.

ಪ್ರೇಮಲಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೊಸ ಸೀರೆಗೆ ಅಂಟಿಸಿದ ಚೀಟಿ ತೆಗೆಯದೆ ಉಟ್ಟು ಬಂದವರನ್ನು ನೋಡಿ ನಗುವ ಜನ ಇದನ್ನು ಬಿಡುತ್ತಾರೆಯೇ? ತಪ್ಪು ತನ್ನದು, ನಗೆಪಾಟಲಾಗುವವಳು ಈ ಮುದುಕಿ. ಅವಳು ಎದ್ದು ಹೋಗಿ ಭೀಮವ್ವನ ಕೈಹಿಡಿದು ನೀರಿನ ಡ್ರಮ್ಮಿನ ಹಿಂದಕ್ಕೆ ಕರೆದುಕೊಂಡು ಹೋದಳು.

"ಭೀಮವ್ವ, ಬಿಲ್ಲಿ ಹಾಂಗೇ ಉಳದದ ನೋಡು. ಕತ್ತರಿ ತರತೀನಿ ಅಂದ್ರ ಅವತ್ತು ನೀ ಹೋಗೇ ಬಿಟ್ಟಿ. ಹಿಂಗ ಬಾ, ಹಲ್ಲಿಲೆ ಕಡದು ತೆಗಿತೀನಿ."

ಭೀಮವ್ವ ಬಿಲ್ಲೆಯ ಮೇಲೆ ಅಂಗೈ ಮುಚ್ಚಿ ಹಿಂದಕ್ಕೆ ಸರಿದಳು.

"ಬ್ಯಾಡ್ರಿ ಅಕ್ಕೋರೆ. ಬಿಲ್ಲಿ ಕಿತ್ತಿದ್ರ ಆಮ್ಯಾಲ ಇದು ನಂದು ಅಂತ ಯಾರು ಅಂತಾರ?"

ಪ್ರೇಮಲಾಳಿಗೆ ತಲೆಬುಡ ತಿಳಿಯಲಿಲ್ಲ. ಭೀಮವ್ವ ಕುರಿ ಹಟ್ಟಿಯ ಕಡೆ ಕೈ ತೋರಿಸಿದಳು. ಅಲ್ಲಿ ಬಲೆಯ ಬೇಲಿಯೊಳಗೆ ನಿಂತಿದ್ದ ಕುರಿಗಳ ಕಿವಿಗಳಲ್ಲಿ ಹಳದಿ ಬಿಲ್ಲೆಗಳಿದ್ದವು, ಒಂದೊಂದರ ಮೇಲೂ ಅಂಕಿ. ವಿಮೆ ಮಾಡಿಸಿದ ಕುರಿಗೆ ಹಾಕುವ ಬಿಲ್ಲೆ ಅದು. ಒಮ್ಮೆ ಮುಳ್ಳುಬೇಲಿಗೆ ಸಿಕ್ಕಿ ಬಿಲ್ಲೆ ಕಿತ್ತುಹೋಗಿದ್ದ ಕುರಿಯೊಂದು ಸತ್ತಾಗ, ಅದು ತನ್ನದೇ ಎಂದು ಭೀಮವ್ವ ಎಷ್ಟು ಹೇಳಿಕೊಂಡರೂ ನಂಬುವವರಿರಲಿಲ್ಲ. ಕೈಯಾರೆ ಹಾಲೂಡಿಸಿ ಬೆಳೆಸಿದ ಕುರಿ ಯಾರದೂ ಅಲ್ಲದ್ದಾಗಿ ಹೋಯಿತು. ಅಂದಿನಿಂದ ಆ ಮನೆಯಲ್ಲಿ ಯಾರೂ ಬಿಲ್ಲೆಗೆ ಕೈಹಚ್ಚುವಂತಿಲ್ಲ.

"ಇದು ಆ ಬಿಲ್ಲಿ ಅಲ್ಲ ಭೀಮವ್ವ," ಪ್ರೇಮಲಾಳಿಗೆ ನಗು ಬಂತು, ಕಣ್ಣೂ ತುಂಬಿ ಬಂತು. "ಇದು ಬರೇ ರೇಟ ಬರದದ್ದು. ತಗೊಂಡ ಮ್ಯಾಲ ಇದರ ಕೆಲಸ ಮುಗೀತು. ಕಿತ್ತಿ ಒಗದ್ರೂ ಸರ ನಿಂದೇ."

ಭೀಮವ್ವ ನಾಚಿಕೊಳ್ಳುತ್ತಾಳೆ, ಆಮೇಲೆ ಕೊರಳು ಮುಂದೆ ಮಾಡುತ್ತಾಳೆ ಎಂದುಕೊಂಡಿದ್ದಳು ಪ್ರೇಮಲಾ. ಭೀಮವ್ವ ಅಂಗೈ ತೆಗೆದು ಬಿಲ್ಲೆಯನ್ನು ತಿರುಗಿಸಿ ನೋಡಿದಳು.

"ಹಂಗಾದ್ರ ಕಿತ್ತರೂ ನಡಿತದ."

"ನಡಿತದ."

"ಕೀಳದಿದ್ರೂ ನಡಿತದಲ್ರಿ?"

"ನಡಿತದ. ಆದ್ರ ಮಂದಿ ನೋಡಿ ನಗತಾರ."

"ನಗಲಿ ಬಿಡ್ರಿ," ಎಂದಳು ಭೀಮವ್ವ. ಆಮೇಲೆ ಕುರಿಗಳ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು. "ಬಜಾರಕ್ಕ ಹೋದ್ರ ದುಕಾನದವ ಮೊದಲ ನನ್ನ ಕಾಲ ನೋಡ್ತಾನ. ಆಮ್ಯಾಲ ಸೀರಿ ನೋಡ್ತಾನ. ಆಮ್ಯಾಲ ರೇಟ ಹೇಳ್ತಾನ. ಕೇಳಿ ತಗೊಳ್ಳಿಲ್ಲಂದ್ರ ಬೈತಾನ, ಬೋಣಿ ಆಗಿಲ್ಲ, ಮುಂಜಾನೆ ಬಂದು ನನ್ನ ದಿನಾ ಕೆಡಸ್ದಿ ಅಂತಾನ. ಅದಕ್ಕ ನಾ ಕೇಳೋದೇ ಬಿಟ್ಟೆ. ಹಿಕ್ಕಿ ತಂದಾಗೆಲ್ಲಾ ನಿಮ್ಮ ಮಣಿ ನೋಡಬೇಕು ಅನಸ್ತಿತ್ತು. ನೋಡಿದ್ರ ಕೇಳಬೇಕು, ಕೇಳಿದ್ರ ತಗೋಬೇಕು ಅಂತ ಮಾರಿ ತಿರುವಿ ಕೂಡ್ತಿದ್ದೆ. ಗ್ವಾಡಿ ಮ್ಯಾಲ ಬರದ ಮ್ಯಾಲ ಯಾರನ್ನೂ ಕೇಳೋದಿಲ್ಲಂತ ಆತು. ಅಂಕಿ ಬರತಾವ ನನಗ, ಕುರಿ ಕಿವ್ಯಾಗ ನೋಡಿ ನೋಡಿ ಕಲ್ತೀನಿ. ನಿಂತು ಓದಿದೆ. ಈ ಬಿಲ್ಲಿ ನನ್ನ ಕಾಲ ನೋಡಿಲ್ಲರಿ."

ಪ್ರೇಮಲಾ ಕೂಡ ಜನರ ಸೀರೆ ನೋಡಿದವಳೇ, ಗಾಡಿ ನೋಡಿದವಳೇ. ಬಾಗಿಲು ಹಾಕಿಕೊಂಡು ಸೂಜಿಯ ಮೊನೆಯಿಂದ ಅಂಕಿ ಗೀರುವಾಗ ತನ್ನ ನಾಚಿಕೆಯೊಂದನ್ನು ಕಳೆದುಕೊಂಡರೆ ಸಾಕೆಂದು ಗೀರಿದ್ದಳು. ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತವಳ ನಾಚಿಕೆ ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಅಷ್ಟರಲ್ಲಿ ಹೆಂಗಸರ ಗುಂಪು ಅಲ್ಲಿಗೇ ಬಂತು. ಮುಂದಿದ್ದವಳು ಪಕ್ಕದ ಲಂಬಾಣಿ ತಾಂಡಾದ ಸುಗಲಾಬಾಯಿ, ಭೀಮವ್ವನ ಗೆಳತಿ, ಬಾಯಿ ಜೋರಿನವಳು. ಸರವನ್ನು ಕಂಡವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ಭೀಮವ್ವ, ಎಷ್ಟಕ್ಕ ಟೋಪಿ ಹಾಕಿಸ್ಕೊಂಡು ಬಂದಿ?"

ಅದು ಅಲ್ಲಿಯ ಹೆಂಗಸರು ಒಬ್ಬರಿಗೊಬ್ಬರು ಯಾವಾಗಲೂ ಕೇಳುವ ಮಾತು. ಪೇಟೆಯಿಂದ ಬಂದವಳು ಮೋಸ ಹೋಗಿಯೇ ಬಂದಿರುತ್ತಾಳೆ; ತಿಳಿಯಬೇಕಾದದ್ದು ಎಷ್ಟಕ್ಕೆ ಎಂಬುದು ಮಾತ್ರ. ಭೀಮವ್ವ ಎರಡು ಬೆರಳಲ್ಲಿ ಬಿಲ್ಲೆಯನ್ನು ಎತ್ತಿ ಹಿಡಿದಳು. ಸುಗಲಾಬಾಯಿ ಬಗ್ಗಿ ಓದಿದಳು, ಉಗುರಿನಿಂದ ಕೆರೆದು ನೋಡಿದಳು, ಅಂಕಿ ಅಳಿಯಲಿಲ್ಲ. ಅವಳ ಬಾಯಿಯ ಜೋರು ಅಲ್ಲಿಗೇ ಇಳಿಯಿತು.

"ಸುಟ್ಟು ಬರದಾರ," ಎಂದಳು ಪಕ್ಕದವಳಿಗೆ. ಆಮೇಲೆ ಪ್ರೇಮಲಾಳ ಕಡೆ ತಿರುಗಿದಳು. "ನಾ ಬಂದ್ರ ನನಗೂ ಇಷ್ಟೇನ್ರಿ?"

"ನಿಮಗೂ ಇಷ್ಟೇ."

"ಸಾವಕಾರ್ತಿ ಬಂದ್ರ? ತಾಂಡೂರದಾಗ ದೊಡ್ಡ ದೊಡ್ಡ ಕಾರಿನಾಗ ತಿರಗತಾರಲ್ಲ, ಅವರು ಬಂದ್ರ?"

ಸುಗಲಾಬಾಯಿಗೆ ಜಗದೇವಿ ಯಾರೆಂದು ಗೊತ್ತಿರಲಿಲ್ಲ. ಬಾಯಿಗೆ ಬಂದ ಊರಿನ ಹೆಸರು ಹೇಳಿದ್ದಳು, ಅಷ್ಟೇ. ಪ್ರೇಮಲಾಳಿಗೆ ತಗಡಿನ ಸೂರು, ಇಟ್ಟಿಗೆಯ ಆವಿಗೆ, ಬೆನ್ನ ಮೇಲಿಟ್ಟ ಕೈ, ಎಲ್ಲ ಒಮ್ಮೆಲೇ ನೆನಪಿಗೆ ಬಂದವು. ಎದುರಿಗಿದ್ದವರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು. ಬೆಲೆ ಕೇಳಿದರೆ ಕಿವಿ ಕೆಂಪಗಾಗುತ್ತಿದ್ದವಳು ಅವಳು.

"ಅವರಿಗೂ ಇಷ್ಟೇ," ಎಂದಳು ಪ್ರೇಮಲಾ. "ಯಾರು ಬಂದ್ರೂ ಇಷ್ಟೇ."

ಆಮೇಲೆ ನಡೆದದ್ದನ್ನು ಅವಳು ಬೆರಗಾಗಿ ನೋಡುತ್ತ ನಿಂತಳು. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ಭೀಮವ್ವನ ಎದೆಯ ಮೇಲಿನ ಬಿಲ್ಲೆಯನ್ನು ಕೈಗೆ ತೆಗೆದುಕೊಂಡರು. ಓದಬಲ್ಲವರು ಓದಿದರು, ಬಾರದವರು ಬೆರಳಿನಿಂದ ಗೀರುಗಳನ್ನು ಮುಟ್ಟಿ ನೋಡಿದರು. ಒಬ್ಬರೂ ನಗಲಿಲ್ಲ. ದೇವರ ಗುಡಿಯಲ್ಲಿ ತೀರ್ಥಕ್ಕೆ ಬಂದವರಷ್ಟು ಸಾವಧಾನವಾಗಿ ಬಂದರು, ಮುಟ್ಟಿದರು, ಮುಂದಿನವರಿಗೆ ಜಾಗ ಬಿಟ್ಟರು. ಭೀಮವ್ವ ಮದುಮಗಳಿಗಿಂತ ನೆಟ್ಟಗೆ ನಿಂತಿದ್ದಳು. ಪ್ರೇಮಲಾ ಮಣಿ ಮಾಡುವವಳು, ಅದರ ಕಪ್ಪಿಗೆ, ಹೊಳಪಿಗೆ ಜನ ಮರುಳಾಗುವುದನ್ನು ಕಂಡಿದ್ದಳು. ಅದರ ಬೆಲೆಗೆ ಯಾರಾದರೂ ಹೀಗೆ ತಲೆಬಾಗಿದ್ದನ್ನು ಕಂಡಿರಲಿಲ್ಲ.

ಅಲ್ಲಿಂದಲೇ, ಬಸ್ಸಿಗೆ ಕಾಯುತ್ತ, ಬೇವಿನ ಮರದ ಕೆಳಗೆ ನಿಂತು ಅವಳು ತಾಂಡೂರಿಗೆ ಫೋನ್ ಮಾಡಿದಳು.

"ಅಕ್ಕಾ, ಸರಾ ಮಾಡಿಕೊಡತೀನ್ರಿ. ಎಷ್ಟು ಬೇಕಾದ್ರೂ ಮಾಡಿಕೊಡತೀನಿ. ಗ್ವಾಡಿ ಮ್ಯಾಲಿನ ಬಿಲ್ಲಿ ತೆಗ್ಯಾಕ ಆಗಂಗಿಲ್ಲ."



"ಮನಿಯವರಿಗಿಂತ ಹೆಚ್ಚಿನವರು ಯಾರು ಸಿಕ್ಕಾರು ನಿನಗ?" ಎಂದಳು ಜಗದೇವಿ. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ನಿಮ್ಮ ಮ್ಯಾಲಿನ ಮಾನ ಕಮ್ಮಿ ಆಗಿಲ್ಲರಿ ಅಕ್ಕಾ," ಎಂದಳು ಪ್ರೇಮಲಾ. ಫೋನು ಕಟ್ಟಾಗಿತ್ತು. ಅಮರನಾಥನ ಮದುವೆಯಲ್ಲಿ ಹೆಂಗಸರಿಗೆಲ್ಲ ಸ್ಟೀಲ್ ಡಬ್ಬಿಯೇ ಸಿಕ್ಕಿತು. ಹಿತ್ತಲಿಗೆ ಸೂರು ಇನ್ನೂ ಬಂದಿಲ್ಲ.

ಸೋಮವಾರ ಪ್ರೇಮಲಾ ಬಟ್ಟಲಲ್ಲಿದ್ದ ಬಿಲ್ಲೆಗಳನ್ನು ಹೊಸ ದಾರದಲ್ಲಿ ಮತ್ತೆ ಕಟ್ಟಲು ಕೂತಳು. ಸಹಾಯ ಮಾಡುತ್ತೇನೆಂದು ಬಂದ ಆನಂದಕುಮಾರ ಜುಮುಕಿಯ ಬಿಲ್ಲೆಯನ್ನು ಮೂರೆಳೆಯ ಸರಕ್ಕೆ ಕಟ್ಟಿಟ್ಟ. "ಹಿಂಗಾದ್ರ ನಾಳೆ ನಾನೇ ಬಂದು ಖರೀದಿ ಮಾಡ್ತೀನಿ," ಎಂದು ಅವಳ ಕೈಯಲ್ಲಿ ಬೈಸಿಕೊಂಡು, ಬಿಚ್ಚಿ ಸರಿಯಾಗಿ ಕಟ್ಟಿದ. ನಡುನಡುವೆ ಅವಳು ಅವನಿಗೆ ಮದುವೆಯ ಮನೆಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಅವನು ಗೇಲಿ ಬಿಟ್ಟು ಕೇಳಿದ.

ಸಂತೆಯ ದಿನ ಬೆಳಿಗ್ಗೆ, ಬಾಗಿಲು ತೆಗೆದು ಇನ್ನೂ ಅಂಗಳದ ರಂಗೋಲಿ ಆರಿರಲಿಲ್ಲ, ಸುಗಲಾಬಾಯಿ ಬಂದಳು. ಜೊತೆಗೆ ಬಂದ ಹೆಂಗಸರು ಬುಟ್ಟಿ ಹಿಡಿದು ಓಣಿಯಲ್ಲೇ ನಿಂತರು. ಇವಳೊಬ್ಬಳೇ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಬರ್ರಿ," ಎಂದಳು ಪ್ರೇಮಲಾ.

ಸುಗಲಾಬಾಯಿ ಗೋಡೆಯ ಮುಂದೆ ನಿಂತು ಓದುತ್ತ ಓದುತ್ತ ನಡೆದಳು. ಮೂರೆಳೆಯ ಸರವನ್ನು ಮೊಳೆಯಿಂದ ಬಿಡಿಸಿ ಕೈಯಲ್ಲಿ ತೂಗಿ ನೋಡಿದಳು. ಕನ್ನಡಿಯ ಮುಂದೆ ಹೋಗಿ ಕೊರಳಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿದಳು. ಬಿಲ್ಲೆಯ ಅಂಕಿಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸುಗಲಾಬಾಯಿ ಸರವನ್ನು ತಂದು, ಎಲ್ಲಿಂದ ತೆಗೆದಿದ್ದಳೋ ಅದೇ ಮೊಳೆಗೆ, ಎಳೆಗಳನ್ನು ಸರಿಮಾಡಿ ಹಾಕಿದಳು.

"ಛಲೋ ಅದರಿ," ಎಂದಳು. "ನನಗ ಬ್ಯಾಡ."

ಆಮೇಲೆ ಬರುತ್ತೇನೆ ಎನ್ನಲಿಲ್ಲ, ಗಂಡನನ್ನು ಕೇಳಿ ಬರುತ್ತೇನೆ ಎನ್ನಲಿಲ್ಲ, ರೊಕ್ಕ ಮರೆತು ಬಂದೆ ಎನ್ನಲಿಲ್ಲ. ಅಂಗಡಿಗೆ ಹೋಗಿ ಕೊಳ್ಳದೆ ಬರುವ ಬಡವರ ಹೆಂಗಸರು ಹೇಗೆ ಬರುತ್ತಾರೆಂದು ಪ್ರೇಮಲಾ ಸಣ್ಣವಳಿದ್ದಾಗಿನಿಂದ ನೋಡಿದ್ದಳು. ಒಂದು ಸುಳ್ಳು ಹೇಳಿ, ತಲೆತಗ್ಗಿಸಿ, ಕಳವು ಮಾಡಿದವರ ಹಾಗೆ ಸರಸರನೆ ಹೊರಬೀಳುತ್ತಾರೆ. ಸುಗಲಾಬಾಯಿ ಚಪ್ಪಲಿ ಮೆಟ್ಟಿ, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು ತನ್ನವರ ಜೊತೆ ಸಂತೆಯ ಕಡೆ ನಡೆದಳು. ಕೊಂಡವಳಿಗಿಂತ ನೆಟ್ಟಗಿತ್ತು ಅವಳ ಬೆನ್ನು. ಬೇಡ ಎನ್ನುವ ಒಂದು ಮಾತು ಇಷ್ಟು ದೊಡ್ಡದೆಂದು ಪ್ರೇಮಲಾಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ.

ಅಂಗಡಿಗೆ ಹೊರಟ ಆನಂದಕುಮಾರ ಚಪ್ಪಲಿ ಹುಡುಕುತ್ತ ಬಾಗಿಲಿಗೆ ಬಂದ.

"ಬೋಣಿ ಆತೇನು?"

"ಇಲ್ರಿ," ಎಂದಳು ಪ್ರೇಮಲಾ, ಓಣಿಯ ತಿರುವಿನಿಂದ ಕಣ್ಣು ತೆಗೆಯದೆ. ಅಲ್ಲಿ ಇನ್ನೂ ಇಬ್ಬರು ಹೆಂಗಸರು ಮನೆ ವಿಚಾರಿಸಿಕೊಂಡು ಬರುತ್ತಿದ್ದರು.